ಎರಡು ಏಟಿನ ಜಾಗ

ಆಶ್ಚರ್ಯಪಡುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಹುಬ್ಬು ಏರಿಸಿದರೆ ಯಾರೋ ಕಾಲು ತುಳಿದ ಹಾಗೆ ಕಾಣುತ್ತಿತ್ತು. ಬಾಯಿ ಸ್ವಲ್ಪ ತೆರೆದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಹಾಗೆ. ಎರಡನ್ನೂ ಒಟ್ಟಿಗೆ ಮಾಡಿದಾಗ ಸತ್ತುಹೋದ ಸೋದರಮಾವನ ನೆನಪಾಯಿತು. ಕೊನೆಯ ಎರಡು ವರ್ಷ ಆತ ಮನೆಗೆ ಯಾರು ಬಂದರೂ ಹೀಗೇ ನೋಡುತ್ತಿದ್ದ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅವನು ಇಪ್ಪತ್ತು ನಿಮಿಷದಿಂದ, ಒಂದು ಹಾಡನ್ನು ಜೀವನದಲ್ಲಿ ಮೊದಲ ಸಲ ಕೇಳುವಾಗ ಹೇಗಿರಬೇಕೆಂದು ತನ್ನ ಮುಖಕ್ಕೆ ಹೇಳಿಕೊಡುತ್ತಿದ್ದ. ಸಂಗೀತ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಡ್ರಮ್ಸ್ ಕಲಿಸುತ್ತಿದ್ದವನಿಗೆ ಇಷ್ಟು ದಡ್ಡ ವಿದ್ಯಾರ್ಥಿ ಸಿಕ್ಕಿದ್ದು ಇದೇ ಮೊದಲು. ಪಾಪ, ಮುಖದ್ದೇನೂ ತಪ್ಪಿರಲಿಲ್ಲ. ಆ ಹಾಡನ್ನು ಅವನು ಆಗಲೇ ನಲವತ್ತೆರಡು ಸಲ ಕೇಳಿದ್ದ.

"ರೀ, ಒಳಗೆ ಯಾರಿದ್ದಾರೆ ನಿಮ್ಮ ಜೊತೆ?" ಹೆಂಡತಿ ಬಾಗಿಲು ತಟ್ಟಿದಳು.

"ಯಾರೂ ಇಲ್ಲ."

"ಮತ್ತೆ 'ಓಹೋ, ಇದು ಹೀಗೋ' ಅಂತ ಯಾರಿಗೆ ಹೇಳ್ತಿದ್ದೀರಿ?"

ಅವನು ನಲ್ಲಿ ತಿರುಗಿಸಿದ. ನೀರಿನ ಸದ್ದು ಎಲ್ಲದಕ್ಕೂ ಉತ್ತರವಾಗುತ್ತದೆಂದು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದ. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಕೊನೆಯ ಸಾಲಿನ ಅಕ್ಷರಗಳು ಕಾಣದಿದ್ದರೂ ಮುಂಚಿನವರು ಓದಿದ್ದನ್ನು ಕಿವಿಯಲ್ಲಿ ಇಟ್ಟುಕೊಂಡು ಬಂದು ಪಟಪಟನೆ ಒಪ್ಪಿಸುವ ಗಿರಾಕಿಗಳನ್ನು ಹತ್ತು ವರ್ಷದಿಂದ ನೋಡುತ್ತಿದ್ದಳು. ಅಂಥವರನ್ನು ಹಿಡಿಯುವುದು ಸುಲಭವಂತೆ. ಕಾಣುವವರು ಸ್ವಲ್ಪ ತಡವರಿಸುತ್ತಾರೆ. ಕಾಣದವರು ತಡವರಿಸುವುದೇ ಇಲ್ಲ. ಈ ಮಾತನ್ನು ಅವಳು ಯಾವತ್ತೋ ಊಟಕ್ಕೆ ಕೂತಾಗ ಹೇಳಿದ್ದು. ಈಗ ಮೂರು ದಿನದಿಂದ ಅದು ಅವನ ತಲೆಯಲ್ಲಿ ಓಡಾಡಿಕೊಂಡಿತ್ತು. ಅದಕ್ಕೇ ಅವನು ಒಂದು ಚೀಟಿ ಬರೆದುಕೊಂಡಿದ್ದ. ಮೊದಲ ಚರಣ: ಎರಡು ಸಲ ತಡವರಿಸುವುದು. ಎರಡನೇ ಪಲ್ಲವಿ: ಗೊತ್ತಾಯಿತು ಎಂಬಂತೆ ತಲೆಯಾಡಿಸುವುದು. ಮೂರನೇ ಚರಣ: ಮುಗುಳ್ನಗೆ. ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟಿದ್ದ. ಇಸ್ತ್ರಿ ಮಾಡಲೆಂದು ತೆಗೆದವಳು ಅದನ್ನು ಓದಿ, ನಾಲ್ಕಾಗಿ ಮಡಚಿ ಅದೇ ಜೇಬಿಗೆ ವಾಪಸು ಹಾಕಿದ್ದಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದುದನ್ನು ಅವನು ಎರಡು ದಿನ ಕೇಳಿಸಿಕೊಂಡ.

ಕಾರ್ಯಕ್ರಮದ ಹೆಸರೇ 'ಕೇಳದ ಹಾಡು'. ಒಂದು ಹಳೆಯ ಹಾಡಿನಿಂದ ಡ್ರಮ್ಸನ್ನಷ್ಟೇ ಕಳಚಿ ತೆಗೆಯುತ್ತಾರೆ. ಆ ಹಾಡನ್ನು ಹಿಂದೆಂದೂ ಕೇಳಿರದ ಡ್ರಮ್ಮರ್ ಒಬ್ಬನನ್ನು ಕೂರಿಸಿ ಒಂದೇ ಒಂದು ಸಲ ಕೇಳಿಸುತ್ತಾರೆ. ಆಮೇಲೆ ಅವನು ತನಗೆ ತೋಚಿದ್ದನ್ನು ಬಾರಿಸಬೇಕು. ಕೊನೆಗೆ ಮೂಲದಲ್ಲಿ ಏನಿತ್ತು ಎಂದು ಹಾಕಿ ತೋರಿಸುತ್ತಾರೆ. ಲಕ್ಷಾಂತರ ಜನ ನೋಡುತ್ತಾರೆ. ಹಿಂದಿನ ಹನ್ನೊಂದು ಕಂತುಗಳನ್ನೂ ಅವನು ಸೋಫಾದಲ್ಲಿ ಕೂತು ನೋಡಿ, ಹನ್ನೊಂದು ಸಲವೂ ಹೆಂಡತಿಗೆ, "ನಾನಾಗಿದ್ರೆ ಅಲ್ಲಿ ಹಾಗೆ ಮಾಡ್ತಿರಲಿಲ್ಲ" ಎಂದಿದ್ದ. ಊರಲ್ಲಿ ಅವನಿಗಿದ್ದ ಹೆಸರು ಅದೊಂದೇ. ಹೋಟೆಲಿನ ಬ್ಯಾಂಡಿನಲ್ಲಿದ್ದ ಕಾಲದಿಂದಲೂ, ಯಾವ ಹಾಡಾದರೂ ಸರಿ, ಹಾಡುವವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವನು ಒಳಗೆ ಸೇರಿರುತ್ತಿದ್ದ. ಇವರಿಗೆ ರಿಹರ್ಸಲ್ಲೇ ಬೇಡ ಕಣ್ರೀ, ಅನ್ನುತ್ತಿದ್ದರು. ಶಾಲೆಯವರು ಅವನನ್ನು ಇಟ್ಟುಕೊಂಡದ್ದೂ ಇದಕ್ಕೇ. ತರಗತಿಯಲ್ಲಿ ಅವನು ಹೇಳುವುದೂ ಇದನ್ನೇ: ಬಾಯಿಪಾಠ ಮಾಡಬೇಡಿ, ಕಿವಿ ಕೊಡಿ. ಹಾಗಾಗಿ ಅವನನ್ನು ಕರೆದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಹೆದರಿದ್ದು ಅವನೊಬ್ಬನೇ.

ಭಾವಮೈದ ಆ ಕಾರ್ಯಕ್ರಮದ ಸ್ಟುಡಿಯೋದಲ್ಲೇ ಧ್ವನಿಮುದ್ರಣದ ಕೆಲಸಕ್ಕಿದ್ದ. ಹೋದ ವಾರ ಮನೆಗೆ ಬಂದವನು, ಅಕ್ಕ ಒಳಗೆ ಹೋದದ್ದನ್ನು ನೋಡಿ, "ಭಾವ, ನಿಮ್ಮ ಫೋನಿಗೆ ಎರಡು ಫೈಲ್ ಕಳಿಸ್ತೀನಿ. ಒಂದು ಡ್ರಮ್ಸ್ ಇಲ್ಲದ್ದು. ಇನ್ನೊಂದು ಪೂರ್ತಿ ಇರೋದು. ಪೂರ್ತಿ ಇರೋದನ್ನ ಕೇಳಬೇಡಿ," ಎಂದ.

"ಕೇಳಬಾರದು ಅಂದ್ರೆ ಯಾಕೆ ಕಳಿಸ್ತೀಯ?"

"ಇರಲಿ ಅಂತ."

"ಇದೆಲ್ಲ ನಂಗೆ ಬೇಡ ಕಣೋ. ನಾನು ಯಾವತ್ತಾದ್ರೂ ಹಾಗೆ ಮಾಡಿದೀನಾ?"

"ಇಲ್ಲ ಭಾವ. ಅದಕ್ಕೇ ಹೇಳ್ತಿರೋದು, ವಯಸ್ಸಾಯ್ತಲ್ಲ." ಅವನು ಇದನ್ನು ಪ್ರೀತಿಯಿಂದಲೇ ಹೇಳಿದ. ಪ್ರೀತಿಯಿಂದ ಹೇಳಿದ್ದಕ್ಕೆ ತಿರುಗಿಸಿ ಬೈಯಲೂ ಆಗಲಿಲ್ಲ.

ಮೊದಲ ದಿನ ಡ್ರಮ್ಸ್ ಇಲ್ಲದ್ದನ್ನು ಒಂದೇ ಸಲ ಕೇಳಿದ. ಒಂದು ಸಲ ಕೇಳಿದರೆ ಅದು ಕೇಳಿದ ಹಾಗಲ್ಲ, ದಾರಿಯಲ್ಲಿ ಹೋಗುತ್ತ ಕಿವಿಗೆ ಬಿದ್ದ ಹಾಗೆ ಎಂದುಕೊಂಡ. ನಿಧಾನದ ಹಾಡು, ಹೆಂಗಸಿನ ದನಿ. ಎರಡನೇ ದಿನ ಇನ್ನೊಂದು ಫೈಲನ್ನು, ಅದು ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲೆಂದು ತೆರೆದ. ಅಲ್ಲಿಗೆ ಮುಗಿಯಿತು. ಬಾರಿಸಿದವನು ಯಾರೋ, ಹೆಸರೂ ಎಲ್ಲೂ ಇರಲಿಲ್ಲ, ಆದರೆ ಮೂರನೇ ಚರಣ ಮುಗಿದು ಪಲ್ಲವಿಗೆ ಮರಳುವ ಜಾಗದಲ್ಲಿ ಅವನು ಇದ್ದಕ್ಕಿದ್ದಂತೆ ಕೈ ಎತ್ತಿಬಿಟ್ಟಿದ್ದ. ಎರಡು ಏಟು ಬೀಳಬೇಕಾದಲ್ಲಿ ಏನೂ ಇಲ್ಲ. ಆ ಖಾಲಿಯ ನಡುವೆ ಎಲ್ಲೋ ದೂರದಿಂದ ಬಂದ ಹಾಗೆ 'ಛ್' ಎಂದು ಒಂದು ಸಣ್ಣ ಸದ್ದು. ಆಮೇಲೆ ಡ್ರಮ್ಸಿನ ಪಕ್ಕದ ದೊಡ್ಡ ಕಂಚಿನ ತಟ್ಟೆಯ ಮೇಲೆ ಒಂದೇ ಏಟು, ಅದೂ ಕೂದಲೆಳೆಯಷ್ಟು ತಡವಾಗಿ. ಕೇಳಿದವನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಬಾರಿಸಿದ್ದರೂ ಆ ಜಾಗದಲ್ಲಿ ಸುಮ್ಮನಿರಬಹುದು ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಆ 'ಛ್' ಯಾವುದರಿಂದ ಬಂತೆಂದು ಹುಡುಕಲು ಒಂದಿಡೀ ಮಧ್ಯಾಹ್ನ ಹೋಯಿತು. ಕೊನೆಗೆ ಹೈಹ್ಯಾಟಿನಿಂದ, ಕಾಲಲ್ಲಿ ತುಳಿದರೆ ಒಂದಕ್ಕೊಂದು ಬಡಿಯುವ ಆ ಜೋಡಿ ತಟ್ಟೆಯಿಂದ, ಹಿಮ್ಮಡಿ ಹೀಗೆ ಜಾರಿಸಿ ತೆಗೆದಿರಬೇಕೆಂದು ತೀರ್ಮಾನಿಸಿದ. ಹಿಮ್ಮಡಿ ನೋಯುವವರೆಗೆ ಅಭ್ಯಾಸ ಮಾಡಿದ. ದಿಂಬಿನ ಮೇಲೆ, ತೊಡೆಯ ಮೇಲೆ, ಕುಕ್ಕರಿನ ಮುಚ್ಚಳದ ಮೇಲೆ. ಮಗ್ಗುಲಲ್ಲಿ ಪೇಪರು ಓದುತ್ತಿದ್ದ ಹೆಂಡತಿ ಅವನ ಕಿವಿಯಿಂದ ಇಯರ್‌ಫೋನಿನ ಒಂದು ತುದಿ ಕಿತ್ತು ಕೇಳಿದಳು: "ಕೇಳದೇ ಇರೋ ಹಾಡನ್ನ ಇನ್ನೂ ಎಷ್ಟು ಸಲ ಕೇಳ್ತೀರಿ?"

ಸ್ಟುಡಿಯೋಗೆ ಹೊರಟ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಒಂದು ಕಿಟಕಿಯ ಗಾಜು ಸಡಿಲವಾಗಿ ಮೂರಕ್ಕೊಮ್ಮೆ ನಾಲ್ಕಕ್ಕೊಮ್ಮೆ ಬಡಿದುಕೊಳ್ಳುತ್ತಿತ್ತು. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು ಏಳು ಎಂದು ಲೆಕ್ಕ ಹಾಕಿದ ಕೂಡಲೇ ಎಣಿಸುವುದನ್ನು ನಿಲ್ಲಿಸಿದ. ಶಾಲೆಯ ವಾರ್ಷಿಕೋತ್ಸವದ ಸಂಜೆ, ಆರು ತಿಂಗಳ ಹಿಂದೆ, ಅತಿಥಿಯಾಗಿ ಬಂದಿದ್ದ ಹಾಡುಗಾರ ಹೇಳದೆ ಕೇಳದೆ ಏಳೇಟಿಗೊಂದು ಸುತ್ತು ಬರುವ, ಏಳರ ಲೆಕ್ಕದ ಹಾಡೊಂದನ್ನು ಶುರುಮಾಡಿಬಿಟ್ಟಿದ್ದ. ಇವನು ಎರಡನೇ ಸಾಲಿಗೆ ಒಳಗೆ ಸೇರಿದ್ದೂ ನಿಜ. ಎರಡನೇ ಚರಣದಲ್ಲಿ ಮಾತ್ರ ಎಲ್ಲೋ ಒಂದು ಏಟು ಕೈಜಾರಿ, ಆಮೇಲೆ ಒಂದು ಎಲ್ಲಿದೆ ಏಳು ಎಲ್ಲಿದೆ ಒಂದೂ ಗೊತ್ತಾಗದೆ, ಕಣ್ಣು ಮುಚ್ಚಿಕೊಂಡು ಚರಣ ಮುಗಿಯುವವರೆಗೂ ದೊಡ್ಡ ತಟ್ಟೆಯನ್ನು ಬರೀ ಸವರುತ್ತ ಕೂತಿದ್ದ. ಮೇಷ್ಟ್ರು ಹಾಡಿನಲ್ಲಿ ಕರಗಿಹೋಗಿದ್ದಾರೆ ಎಂದು ಜನ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡರು. ಮರುದಿನ ತರಗತಿಯಲ್ಲಿ ಒಬ್ಬಳೇ ಕೈ ಎತ್ತಿದಳು. ಐವತ್ತು ದಾಟಿದ ಹೆಂಗಸು, ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವ ಕೆಲಸ. ಹೇಗೂ ದಿನವಿಡೀ ಬಡಿಯುತ್ತೇನೆ, ಕಲಿತೇ ಬಡಿಯೋಣ ಅಂತ ಬಂದೆ ಎಂದು ಸೇರಿಕೊಂಡವಳು. ಎಲ್ಲರೂ ಅವಳನ್ನು ಅಂಚೆಯಮ್ಮ ಎನ್ನುತ್ತಿದ್ದರು. "ಮೇಷ್ಟ್ರೇ, ನಿನ್ನೆ ಎರಡನೇ ಚರಣದಲ್ಲಿ ಲೆಕ್ಕ ತಪ್ಪಿತ್ತಲ್ವಾ?" ಅವಳ ದನಿಯಲ್ಲಿ ಕುಹಕವಿರಲಿಲ್ಲ, ವಿಳಾಸದಲ್ಲಿ ಮನೆ ನಂಬರು ಬಿಟ್ಟುಹೋಗಿದೆ ಎಂದಷ್ಟೇ ಹೇಳುವ ದನಿ. "ಇಲ್ಲ, ಬೇಕಂತಲೇ ಬಿಟ್ಟೆ," ಎಂದಿದ್ದ ಅವನು. ಅವಳು "ಓ" ಎಂದು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡಳು. ಆ ನೋಟ್‌ಬುಕ್ಕಿನ ನೀಲಿ ರಟ್ಟು ಅವನಿಗೆ ಆಗಾಗ ಕನಸಿನಲ್ಲಿ ಬರುತ್ತಿತ್ತು. ಇವತ್ತಿನದನ್ನು ಅವಳು ನೋಡದೆ ಇರುವುದಿಲ್ಲ. ಇನ್ನೊಂದು ಸಲ ತಪ್ಪಿದರೆ, ಅದೂ ಲಕ್ಷ ಜನರ ಮುಂದೆ, ಆಮೇಲೆ ಯಾವ ಬಾಯಲ್ಲಿ ಕಿವಿ ಕೊಡಿ ಎನ್ನುವುದು? ಮೋಸವೇ ವಾಸಿ ಎನ್ನಿಸಿತು. ಹಾಗೆ ಅನ್ನಿಸಿದ ಮರುಗಳಿಗೆಯೇ, ಆ ಎರಡು ಏಟಿನ ಜಾಗವನ್ನು ಮಾತ್ರ ಮುಟ್ಟಬಾರದು ಎಂದು ಗಟ್ಟಿಮಾಡಿಕೊಂಡ. ಅದು ಇನ್ನೊಬ್ಬನದು. ಕದಿಯುವುದಕ್ಕೂ ಒಂದು ಮಿತಿ ಬೇಡವೇ. ಹೀಗೆ ನಿರ್ಧರಿಸಿದ ಮೇಲೆ ತಾನು ಸುಮಾರು ಪ್ರಾಮಾಣಿಕ ಮನುಷ್ಯನೇ ಎನ್ನಿಸಿ ಹಗುರಾಯಿತು. ಇಳಿಯುವ ಸ್ಟಾಪು ದಾಟಿಹೋಗಿತ್ತು.

ಸ್ಟುಡಿಯೋ ಮೂರನೇ ಮಹಡಿಯಲ್ಲಿತ್ತು, ಕೆಳಗೆ ಹಾಸಿಗೆ ಮಾರುವ ಅಂಗಡಿ. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನಂಥ ಸ್ಪಂಜು ಹೊಡೆದಿದ್ದರು. ನಡೆದರೆ ತನ್ನ ಹೆಜ್ಜೆ ತನಗೇ ಕೇಳುತ್ತಿರಲಿಲ್ಲ. ಗಾಜಿನ ಆಚೆ ಭಾವಮೈದ ಕೂತಿದ್ದ, ಮುಖ ಎತ್ತಲಿಲ್ಲ. ಯಾವತ್ತೂ ಮುಟ್ಟದ ಗುಂಡಿಗಳನ್ನೆಲ್ಲ ಒರೆಸುತ್ತಿದ್ದ. ನಿರೂಪಕ ಇಪ್ಪತ್ತೈದರ ಯುವಕ, ಮಾತಾಡುವಾಗ ಅಂಗೈಗಳನ್ನು ಎದುರಿಗೆ ಹಿಡಿದು ಅಗೋಚರವಾದ ಪೆಟ್ಟಿಗೆಯೊಂದನ್ನು ಅತ್ತ ಇತ್ತ ಸರಿಸುತ್ತಿದ್ದ. "ಸರ್, ನೀವು ಈ ಹಾಡನ್ನ ಹಿಂದೆ ಎಲ್ಲೂ ಕೇಳಿಲ್ಲ, ಅಲ್ವಾ ಸರ್?" ಹಾಡಿನ ಹೆಸರೇ ಹೇಳದೆ ಅವನು ಹೀಗೆ ಕೇಳಿದ್ದು. ಯಾವ ಹಾಡು ಎಂದು ಕೇಳಬೇಕಾಗಿತ್ತು. "ಇಲ್ಲ ಇಲ್ಲ, ಎಲ್ಲೂ ಕೇಳಿಲ್ಲ," ಎಂದುಬಿಟ್ಟ ಅವನು. ಗಾಜಿನ ಆಚೆ ಒರೆಸುವ ಬಟ್ಟೆ ಒಂದು ಕ್ಷಣ ನಿಂತಿತು. ನಿರೂಪಕನಿಗೆ ಏನೂ ಗೊತ್ತಾಗಲಿಲ್ಲ. ಆ ವಯಸ್ಸಿನವರು ಉತ್ತರ ಕೇಳಿಸಿಕೊಳ್ಳುವುದಿಲ್ಲ ಎನ್ನುವುದು ಅವತ್ತು ಅವನ ಪುಣ್ಯ.

ಹಾಡು ಶುರುವಾಯಿತು. ಕಿವಿಗೆ ಹಾಕಿದ ದಪ್ಪ ಹೆಡ್‌ಫೋನಿನಲ್ಲಿ ಅದು ಎಷ್ಟು ಹತ್ತಿರ ಬಂತೆಂದರೆ ಹಾಡುವವಳು ಉಸಿರು ಎಳೆದುಕೊಳ್ಳುವುದೂ ಕೇಳಿತು. ಹುಬ್ಬು ಏರಿಸಿದ. ಬಾಯಿ ತೆರೆದ. ಸೋದರಮಾವ ಬಂದು ಕೂತ. ಕ್ಯಾಮೆರಾದವಳು ಹತ್ತಿರ ಬಂದಳು. ಇನ್ನೂ ಹತ್ತಿರ ಬಂದು ಅವನ ಎಡಗಣ್ಣನ್ನೇ ಹಿಡಿದಳು. ಆಗ ಅವನಿಗೆ ಒಂದು ವಿಚಿತ್ರ ಹೊಳೆಯಿತು: ನಲವತ್ಮೂರನೇ ಸಲ ಕೇಳುತ್ತಿದ್ದರೂ ಈ ಹಾಡು ಯಾವುದರ ಬಗ್ಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಮೆಟ್ಟಿಲು ಅನ್ನುತ್ತಿದ್ದಳು, ಯಾರೋ ಹತ್ತಿ ಬರಬೇಕಾಗಿತ್ತು, ಬಂದರೋ ಇಲ್ಲವೋ. ಈಗಲಾದರೂ ಕೇಳೋಣ ಎಂದು ಕಿವಿಕೊಟ್ಟ. ಆದರೆ ಮಾತುಗಳ ಸಂದಿಯಲ್ಲಿ, ಈಗ ಅಲ್ಲಿ ಇಲ್ಲದ ಡ್ರಮ್ಸೇ ಕೇಳಿಸುತ್ತಿತ್ತು. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಪ್ರತಿ ಖಾಲಿಗೂ ಹೋಗಿ ಮುಟ್ಟಿ ಬರುತ್ತಿತ್ತು.

"ರೆಡಿನಾ ಸರ್?"

ಬಾರಿಸಲು ತೊಡಗಿದ. ಮೊದಲ ಚರಣದಲ್ಲಿ ಎರಡು ಸಲ ತಡವರಿಸಬೇಕಿತ್ತು. ತಡವರಿಸಲು ಬಲಗೈಯನ್ನು ಸ್ವಲ್ಪ ಹಿಂದೆ ಹಿಡಿದ. ಕೈ ಕೇಳಲಿಲ್ಲ. ಮೂರು ದಿನ ದಿಂಬಿನ ಮೇಲೆ ತಿದ್ದಿದ ಕೈ, ಹೊಸದಾಗಿ ತೆಗೆಸಿಕೊಟ್ಟ ಸೈಕಲ್ಲಿನ ಹಾಗೆ, ತನ್ನಷ್ಟಕ್ಕೆ ನುಣ್ಣಗೆ ಓಡುತ್ತಿತ್ತು. ಎರಡನೆಯ ಸಲ ಬೇಕಂತಲೇ ಸ್ನೇರ್ ಡ್ರಮ್ಮಿನ ಅಂಚಿಗೆ ಹೊಡೆದರೆ ಅದು ಮೂಲಕ್ಕಿಂತ ಚೆನ್ನಾಗಿ ಕೇಳಿ ನಿರೂಪಕ "ಆಹಾ" ಎಂದ. ತಲೆಯಾಡಿಸುವುದನ್ನು ಮರೆತು, ತಲೆಯಾಡಿಸಬೇಕಾದಲ್ಲಿ ಮುಗುಳ್ನಕ್ಕು, ಚೀಟಿಯಲ್ಲಿದ್ದುದೆಲ್ಲ ಮುಗಿದುಹೋಯಿತು. ಕಾಣದವರು ತಡವರಿಸುವುದೇ ಇಲ್ಲ ಎಂದು ಹೆಂಡತಿ ಊಟದ ತಟ್ಟೆಯ ಮುಂದೆ ಹೇಳಿದಳು. ಮೂರನೇ ಚರಣ ಬಂತು. ಬೇಡ, ಎಂದುಕೊಂಡ. ಎರಡು ಏಟು ಹಾಕಿಬಿಡು, ಯಾವ ಕತ್ತೆಯಾದರೂ ಹಾಕುವ ಎರಡು ಏಟು. ಹಾಕುತ್ತೇನೆ, ಹಾಕುತ್ತೇನೆ ಎಂದುಕೊಳ್ಳುತ್ತಿರುವಾಗಲೇ ಎರಡೂ ಕೈ ಮೇಲೆದ್ದು ಗಾಳಿಯಲ್ಲಿ ನಿಂತವು. ಖಾಲಿ. ಹಿಮ್ಮಡಿ ತಾನಾಗಿ ಜಾರಿತು: 'ಛ್'. ದೊಡ್ಡ ತಟ್ಟೆ, ಕೂದಲೆಳೆಯಷ್ಟು ತಡವಾಗಿ.

ಹಾಡು ಮುಗಿಯಿತು. ಆಮೇಲೆ ಮೂಲವನ್ನು ಹಾಕಿದರು. ಆ ಜಾಗ ಬಂದಾಗ ನಿರೂಪಕ ಕುರ್ಚಿಯಿಂದ ಎದ್ದೇಬಿಟ್ಟ. ನಿಲ್ಲಿಸಿದರು, ಹಿಂದಕ್ಕೆ ಹೋದರು, ಮತ್ತೆ ಹಾಕಿದರು. ಅದೇ ಖಾಲಿ, ಅದೇ 'ಛ್', ಅದೇ ತಡ. "ಸರ್," ಎಂದ ನಿರೂಪಕ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ನಂಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಈ ಹಾಡು ಕೇಳೇ ಇಲ್ಲದ ನೀವು ಅದೇ ಜಾಗದಲ್ಲಿ ಅದೇ ಮೌನ. ಹೇಗೆ ಸರ್?"

ಈಗ ಹೇಳಬಹುದಿತ್ತು. ನಕ್ಕು, ಇಲ್ಲಪ್ಪ, ನಾನು ಕೇಳಿದ್ದೆ ಎನ್ನಬಹುದಿತ್ತು. ಗಾಜಿನ ಆಚೆ ಭಾವಮೈದ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹಾಗಾಗಿ ಅವನ ಸಲುವಾಗಿಯೇ, ಅಕ್ಕತಂಗಿಯರು ತಮ್ಮಂದಿರು ಇರುವ ಈ ಪ್ರಪಂಚದ ಸಲುವಾಗಿಯೇ, ಅವನು ಗಂಟಲು ಸರಿಮಾಡಿಕೊಂಡು ಹೇಳಿದ: "ನೋಡಿ, ಹಾಡು ಅಷ್ಟು ಹೊತ್ತು ಮಾತಾಡಿರುತ್ತೆ. ಅಲ್ಲಿ ಅದಕ್ಕೆ ಉಸಿರು ಬೇಕಾಗುತ್ತೆ. ಮೌನಕ್ಕೂ ಒಂದು ಏಟಿರುತ್ತೆ. ಅದನ್ನ ಬಾರಿಸೋಕೆ ಕೈ ಬಿಡೋದು ಕಲೀಬೇಕು, ಅಷ್ಟೇ." ಮೂರು ದಿನ ಯೋಚಿಸಿದ್ದರಿಂದ ಮಾತು ಸರಾಗವಾಗಿ ಬಂತು. ಇನ್ನೂ ಎರಡು ನಿಮಿಷ ಹೇಳಿದ. ತನ್ನ ಮಾತಿಗೆ ತಾನೇ ಸ್ವಲ್ಪ ಮರುಳಾದ. "ಆ ಸಣ್ಣ ಸದ್ದಿದೆಯಲ್ಲ, ಅದು ಮೌನ ತನ್ನ ಗುರುತು ತೋರಿಸೋ ಸದ್ದು," ಎಂದು ಮುಗಿಸಿದ.

"ಸರ್, ಈಗ ನಿಮಗೊಂದು ಸರ್‌ಪ್ರೈಸ್," ಎಂದ ನಿರೂಪಕ. "ಈ ಹಾಡಿಗೆ ಅವತ್ತು ಬಾರಿಸಿದವರು ಇವತ್ತು ಇಲ್ಲೇ ಇದ್ದಾರೆ."

ಬಾಗಿಲು ತೆರೆಯಿತು. ಇವತ್ತಿನ ಮೊದಲ ನಿಜವಾದ ಆಶ್ಚರ್ಯ ಅವನ ಮುಖದ ಮೇಲೆ ಬಂದಾಗ ಕ್ಯಾಮೆರಾ ಆ ಕಡೆ ತಿರುಗಿತ್ತು. ಎಪ್ಪತ್ತೈದರ ಮುದುಕ, ಸ್ವೆಟರು, ಕೈಯಲ್ಲಿ ಔಷಧಿ ಅಂಗಡಿಯ ಚೀಲ. ಪಕ್ಕದ ಕೋಣೆಯಲ್ಲಿ ಕೂತು ಪರದೆಯ ಮೇಲೆ ಎಲ್ಲವನ್ನೂ ನೋಡಿದ್ದನಂತೆ. ಕುರ್ಚಿ ಕೊಟ್ಟರು. ಮುದುಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಕೈಗಳನ್ನು ಒಂದು ಸಲ, ಎಡಗಾಲಿನ ಹಿಮ್ಮಡಿಯನ್ನು ಒಂದು ಸಲ ನೋಡಿದ. ಹಿಮ್ಮಡಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ.

"ಸರ್, ನೀವು ಹೇಳಿ. ಆ ಜಾಗದಲ್ಲಿ ಕೈ ಬಿಟ್ಟಿದ್ದು ಯಾಕೆ?"

ಮುದುಕ ತೊಡೆಯ ಮೇಲಿನ ಚೀಲವನ್ನು ಒಮ್ಮೆ ಸರಿಮಾಡಿಕೊಂಡ. ಕೋಣೆಯ ಸ್ಪಂಜು ಎಲ್ಲ ಸದ್ದನ್ನೂ ಕುಡಿದುಬಿಟ್ಟಿತ್ತು. ಅವನಿಗೆ ತನ್ನ ಎದೆ ಬಡಿತ ಮಾತ್ರ ಕೇಳಿಸುತ್ತಿತ್ತು, ಅದೂ ಲೆಕ್ಕ ತಪ್ಪಿ.

"ಇವರು ಹೇಳಿದ್ದೇ ಚೆನ್ನಾಗಿದೆ," ಎಂದ ಮುದುಕ ಕೊನೆಗೆ. "ನಂಗೆ ಆಗ ಇಷ್ಟೆಲ್ಲ ಹೊಳೆದಿರಲಿಲ್ಲ." ಎಲ್ಲರೂ ನಕ್ಕರು. ದೊಡ್ಡವರ ವಿನಯ ಎಂದು ನಿರೂಪಕ ಎದೆಯ ಮೇಲೆ ಕೈಯಿಟ್ಟುಕೊಂಡ.

ಮೆಟ್ಟಿಲ ಪಕ್ಕದಲ್ಲಿ ಟೀ ಇಟ್ಟಿದ್ದ ಮೇಜಿನ ಹತ್ತಿರ ಅವರಿಬ್ಬರೇ ಆದರು. ಮುದುಕ ಟೀಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದು ಆರಿಸುತ್ತಿದ್ದ. ಮುಖ ಎತ್ತದೆ ಕೇಳಿದ: "ಎಷ್ಟು ಸಲ ಕೇಳ್ದೆ?"

ಏನನ್ನ ಎಂದು ಕೇಳೋಣವೆನ್ನಿಸಿತು. "ನಲವತ್ಮೂರು," ಎಂದ ಅವನು. "ಇವತ್ತಿಂದು ಸೇರಿ."

"ಅಬ್ಬ. ನಾನೇ ಎರಡು ಸಲ ಕೇಳಿರೋದು. ಬಾರಿಸುವಾಗ ಒಂದ್ಸಲ, ಇವತ್ತೊಂದ್ಸಲ." ಟೀ ಗುಟುಕರಿಸಿದ. "ಸೀನು ಬಂತು ಕಣಪ್ಪ."

"ಏನು?"

"ಅವತ್ತು ಸ್ಟುಡಿಯೋಗೆ ಹೊಸ ಕಾರ್ಪೆಟ್ ಹಾಸಿದ್ರು. ಬೆಳಗಿಂದ ಮೂಗು ಕೆರೀತಾ ಇತ್ತು. ಎರಡು ಚರಣ ಹಲ್ಲು ಕಚ್ಚಿ ತಡ್ಕೊಂಡೆ. ಮೂರನೇದ್ರಲ್ಲಿ ಆಗಲಿಲ್ಲ."

"ಮತ್ತೆ ಆ... ಛ್ ಅಂತ ಒಂದು..."

"ಅದು ನಾನೇ."

"ದೊಡ್ಡ ತಟ್ಟೆ ಸ್ವಲ್ಪ ತಡವಾಗಿ..."

"ಸೀನಿದ ಮೇಲೆ ಕಣ್ಣು ಬಿಟ್ಟು ತಟ್ಟೆ ಎಲ್ಲಿದೆ ಅಂತ ಹುಡುಕಬೇಕಲ್ಲ. ಇನ್ನೊಂದ್ಸಲ ಬಾರಿಸ್ತೀನಿ ಅಂದೆ. ಹಾಡೋಳಿಗೆ ರೈಲಿಗೆ ಹೊತ್ತಾಗಿತ್ತು. ಬಿಡಿ, ಅಷ್ಟು ಸೂಕ್ಷ್ಮವಾಗಿ ಯಾರು ಕೇಳ್ತಾರೆ ಅಂದ್ರು."

ಅವನು ಗೋಡೆಗೆ ಒರಗಿದ. ಕುಕ್ಕರಿನ ಮುಚ್ಚಳ, ದಿಂಬು, ನೋಯುತ್ತಿದ್ದ ಹಿಮ್ಮಡಿ, ಎಲ್ಲವೂ ಸಾಲಾಗಿ ಬಂದು ನಿಂತವು. ಮೂರು ದಿನ ಅವನು ತನ್ನ ಕಾಲಿಗೆ ಇನ್ನೊಬ್ಬನ ಸೀನು ಕಲಿಸಿದ್ದ. "ಅಲ್ಲಿ ಹೇಳಬಹುದಿತ್ತಲ್ಲ ನೀವು," ಎಂದ. 

"ಹೇಳಿದ್ರೆ ನಿನ್ನ ಮಾನ ಹೋಗ್ತಿತ್ತು. ನಂದೂ ಹೋಗ್ತಿತ್ತು. ನಲವತ್ತು ವರ್ಷ ಬಾರಿಸಿದೀನಿ, ನನ್ನ ಬಗ್ಗೆ ಯಾರೂ ಅಷ್ಟು ಚೆನ್ನಾಗಿ ಮಾತಾಡಿಲ್ಲ." ಮುದುಕ ಲೋಟ ಕೆಳಗಿಟ್ಟ. "ಏನದು ನೀನು ಹೇಳಿದ್ದು? ಮೌನಕ್ಕೂ ಏನೋ ಇರುತ್ತೆ ಅಂದ್ಯಲ್ಲ. ಇನ್ನೊಂದ್ಸಲ ಹೇಳು. ಸೊಸೆಗೆ ಹೇಳಬೇಕು, ನಾನು ಬರೀ ತಮಟೆ ಬಡಿತಿದ್ದೆ ಅಂತ ಅವಳ ಎಣಿಕೆ."

ಹೇಳಬೇಕಾಯಿತು. ಮೌನಕ್ಕೂ ಒಂದು ಏಟಿರುತ್ತೆ, ಅದನ್ನ ಬಾರಿಸೋಕೆ ಕೈ ಬಿಡೋದು ಕಲೀಬೇಕು. ಮುದುಕ ತುಟಿಯಾಡಿಸುತ್ತ ಒಪ್ಪಿಸಿಕೊಂಡು, ಎರಡು ಮೆಟ್ಟಿಲು ಇಳಿದು, ತಿರುಗಿ ನಿಂತ. "ಆದ್ರೂ ಚೆನ್ನಾಗಿ ಸೀನಿದೆ. ನಂದಕ್ಕಿಂತ ಶುದ್ಧವಾಗಿತ್ತು."

ಮನೆಯಲ್ಲಿ ಹೆಂಡತಿ ಹೇಗಾಯಿತೆಂದು ಕೇಳಿದಳು. ಚೆನ್ನಾಗಾಯಿತು ಎಂದ. ತಡವರಿಸಿದಿರಾ ಎಂದು ಕೇಳಿದಳು. ಅವನು ಹೋಗಿ ನಲ್ಲಿ ತಿರುಗಿಸಿದ.

ಕಂತು ಹೊರಬಂದ ಮೇಲೆ ಒಂದು ವಾರ ಅವನಿಗೆ ರಸ್ತೆಯಲ್ಲಿ ನಡೆಯುವುದೇ ಕಷ್ಟವಾಯಿತು. ಹಾಲಿನ ಅಂಗಡಿಯವನು ಚಿಲ್ಲರೆ ಕೊಡುವ ಮುಂಚೆ ಎರಡು ಏಟಿನಷ್ಟು ಹೊತ್ತು ಕೈ ಗಾಳಿಯಲ್ಲಿ ಹಿಡಿದು ಕಣ್ಣು ಮಿಟುಕಿಸಿದ. ಪ್ರಿನ್ಸಿಪಾಲರು ಅವನ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಕೆಳಗೆ ಅವನ ಹೆಸರು ಹಾಕಿಸಿ, ಶಾಲೆಯ ಮೆಟ್ಟಿಲ ಹತ್ತಿರ ತೂಗುಹಾಕಿದರು. ಶನಿವಾರ ಬೆಳಿಗ್ಗೆ ತರಗತಿಗೆ ಹೋದರೆ ಹನ್ನೆರಡೂ ಜನ ಆಗಲೇ ತಮ್ಮ ತಮ್ಮ ಅಭ್ಯಾಸದ ರಬ್ಬರ್ ಹಲಗೆಗಳ ಮುಂದೆ ಕೂತಿದ್ದರು. "ಸರ್, ನಾವೆಲ್ಲ ಕಲಿತಿದ್ದೀವಿ," ಎಂದರು. ಫೋನಿನಲ್ಲಿ ಹಾಡು ಹಾಕಿದರು. ಹನ್ನೆರಡು ಜೊತೆ ಕೋಲು ಒಟ್ಟಿಗೆ ಹೊರಟವು. ಮೂರನೇ ಚರಣದ ಕೊನೆಗೆ ಕೈಗಳು ಮೇಲೆದ್ದವು. ಹನ್ನೊಂದು ಕಾಲುಗಳು ನೆಲ ಸವರಿ 'ಛ್' ಎಂದವು. ಹನ್ನೊಂದು ಜನ ಒಟ್ಟಿಗೆ ಸೀನಿದ್ದನ್ನು ಅವನು ನಿಂತುಕೊಂಡು ನೋಡಿದ. ಅಂಚೆಯಮ್ಮ ಮಾತ್ರ ನಿಲ್ಲಿಸಿರಲಿಲ್ಲ. ಆ ಎರಡು ಏಟನ್ನೂ, ಎರಡು ಲಕೋಟೆಗೆ ಮುದ್ರೆ ಒತ್ತಿದ ಹಾಗೆ, ಸರಿಯಾಗಿ ಒತ್ತಿ ಮುಂದೆ ಹೋಗಿದ್ದಳು.

"ನೀವು ಅಲ್ಲಿ ನಿಲ್ಲಿಸಲಿಲ್ಲ," ಎಂದ ಅವನು.

"ಯಾಕೆ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ ಮೇಷ್ಟ್ರೇ. ಹತ್ತು ಸಲ ಕೇಳಿದೆ. ಹಾಡಿಗೆ ಅಲ್ಲಿ ಉಸಿರೇನೂ ಬೇಕಾಗಿಲ್ಲ. ಆಯಮ್ಮ ಅದಕ್ಕೆ ಮುಂಚೇನೇ ಉಸಿರು ತಗೊಂಡಿದಾಳೆ." ಅವಳು ನೀಲಿ ರಟ್ಟಿನ ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು. "ಯಾಕೆ ಅಂತ ಒಂಚೂರು ಹೇಳಿ, ಬರ್ಕೊತೀನಿ."

ಮಾತು ಸಿದ್ಧವಾಗಿಯೇ ಇತ್ತು. ಮೆಟ್ಟಿಲ ಹತ್ತಿರ ತೂಗಾಡುತ್ತಲೂ ಇತ್ತು. ಅವನು ಅವಳ ಪೆನ್ನಿನ ತುದಿಯನ್ನು ನೋಡಿದ. ಈ ಹೆಂಗಸು ಬರೆದುಕೊಂಡರೆ ಅದು ಅಲ್ಲೇ ಉಳಿಯುತ್ತದೆ, ತಾರೀಕಿನ ಸಮೇತ.

"ಅವರಿಗೆ ಸೀನು ಬಂದಿತ್ತು," ಎಂದ.

"ಯಾರಿಗೆ?"

"ಮೊದಲು ಬಾರಿಸಿದವರಿಗೆ. ಕಾರ್ಪೆಟ್ಟಿನ ಧೂಳು."

ಅಂಚೆಯಮ್ಮ ಬರೆದುಕೊಂಡಳು. ಪೂರ್ತಿ ಬರೆದು, ಚುಕ್ಕಿ ಇಟ್ಟು, ಕೇಳಿದಳು: "ಮತ್ತೆ ನಿಮಗೆ?"

"ನಾನು ನಲವತ್ಮೂರು ಸಲ ಕೇಳಿದ್ದೆ." ಹಿಂದಿನ ಸಾಲಿನಲ್ಲಿ ಒಂದು ಕೋಲು ಕೆಳಗೆ ಬಿದ್ದು ಉರುಳಿ ಗೋಡೆಗೆ ತಾಗಿತು. ಫೈಲು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದೊಂದಕ್ಕೆ ಸುಳ್ಳು ಹೇಳಲು ಅವನು ತಯಾರಾಗಿದ್ದ. "ವಾರ್ಷಿಕೋತ್ಸವದಲ್ಲೂ ಬೇಕಂತ ಬಿಟ್ಟಿದ್ದಲ್ಲ. ಲೆಕ್ಕ ತಪ್ಪಿತ್ತು."

"ಅದು ಗೊತ್ತಿತ್ತು," ಎಂದು ಅವಳು ಪುಟಗಳನ್ನು ಹಿಂದಕ್ಕೆ ತಿರುವಿ ಒಂದು ಕಡೆ ಗೀಟು ಹಾಕಿದಳು. "ಏಳರದು. ಕಷ್ಟ ಏನಿಲ್ಲ ಮೇಷ್ಟ್ರೇ. ನಮ್ಮ ಕಚೇರೀಲಿ ನಾನು ಮುದ್ರೆ ಒತ್ತುವಾಗ ಗುನುಗೋದು ಏಳರದ್ದೇ. ನಮ್ಮಜ್ಜಿ ಹಿಟ್ಟು ಬೀಸೋವಾಗ ಹೇಳ್ತಿದ್ಳು."

ಅವನು ತನ್ನ ಡ್ರಮ್ಸಿನ ಹಿಂದೆ ಹೋಗಿ ಕೂತ. "ಹಾಡಿ," ಎಂದ.

"ಈಗಲಾ?"

"ನಾನು ಕೇಳಿಲ್ಲ ಅದನ್ನ."

ಅಂಚೆಯಮ್ಮ ಸೆರಗು ಸರಿಮಾಡಿಕೊಂಡು, ಮೇಜಿನ ಮೇಲೆ ಮುಷ್ಟಿಯಿಂದ ಒಂದು ಒತ್ತಿ, ಶುರುಮಾಡಿದಳು. ಗೊಗ್ಗರು ದನಿ, ಶ್ರುತಿಯ ಗೊಡವೆಯಿಲ್ಲ. ಎರಡನೇ ಸಾಲಿಗೆ ಅವನು ಸೇರಿಕೊಳ್ಳಲಿಲ್ಲ. ಮೂರನೆಯದಕ್ಕೂ ಇಲ್ಲ. ಹನ್ನೊಂದು ಜನ ಅವನನ್ನೇ ನೋಡುತ್ತಿದ್ದರು. ಹಾಡಿನೊಳಗೆ ಅಜ್ಜಿ ಯಾರನ್ನೋ ಬೈಯುತ್ತಿದ್ದಳು, ಪ್ರಾಯಶಃ ಅಜ್ಜನನ್ನು. ಹಿಟ್ಟು ತರಿಯಾದದ್ದಕ್ಕೆ ಕಲ್ಲಿನ ತಪ್ಪೋ ಕೈಯ ತಪ್ಪೋ ಎಂದು ಕೇಳುತ್ತಿದ್ದಳು. ಮಾತು ತಿಳಿದ ಮೇಲೆ ನಾಲ್ಕನೇ ಸಾಲಿಗೆ ಮೆಲ್ಲಗೆ ಕಾಲಿಟ್ಟ. ಮೂರು, ನಾಲ್ಕು. ಮೂರು, ನಾಲ್ಕು. ಕೈಗೆ ಏನೂ ಗೊತ್ತಿರಲಿಲ್ಲ. ಪ್ರತಿ ಏಟನ್ನೂ ಕೇಳಿ ಕೇಳಿ ಇಡಬೇಕಾಗಿತ್ತು. ಎರಡು ಸುತ್ತು ಲೆಕ್ಕ ತಪ್ಪಲಿಲ್ಲ. ಮೂರನೇ ಸುತ್ತಿನಲ್ಲಿ, ಅಜ್ಜಿ ಅಜ್ಜನ ಮನೆತನಕ್ಕೇ ಕೈ ಹಾಕಿದಾಗ, ಅವನಿಗೆ ನಗು ಬಂತು, ಆರರ ಮೇಲೆ ಇಡಬೇಕಾದ್ದು ಏಳರ ಮೇಲೆ ಬಿತ್ತು, ಆಮೇಲೆ ಒಂದು ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಕಣ್ಣು ಮುಚ್ಚಬೇಕೆನ್ನಿಸಿತು. ದೊಡ್ಡ ತಟ್ಟೆ ಬಲಗೈಗೆ ಹತ್ತಿರದಲ್ಲೇ ಇತ್ತು. ಅವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಈಗ ತಪ್ಪಿತು," ಎಂದಳು ಅಂಚೆಯಮ್ಮ, ಹಾಡು ನಿಲ್ಲಿಸಿ.

"ಹೌದು," ಎಂದ ಅವನು. "ಮೊದಲಿಂದ ಹಾಡಿ."